ಒಂದೇ ಮ್ಯಾಶ್, ಎರಡು ಗೋಧಿ ಬಿಯರ್: ಮಲೆನಾಡಿನ ಮನೆಗೆ ಹೊಂದುವ ದಾರಿ

"ಇಡೀ ದಿನ ಒಲೆ ಮುಂದೆ ನಿಂತು ಕೊನೆಗೆ ಒಂದೇ ಥರದ ಬಿಯರಾ? ಎರಡು ಥರ ಮಾಡೋಕೆ ಆಗಲ್ವಾ?" ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಇನ್ನು ಒಬ್ಬೊಬ್ಬರಿಗೆ ಉತ್ತರ ಬರೆಯುವುದಕ್ಕಿಂತ ಒಂದೇ ಸಲ ಎಲ್ಲ ಹೇಳಿಬಿಡುವುದು ವಾಸಿ. ಆಗುತ್ತದೆ. ಕಾಳು ನೆನೆಸಿ ರಸ ತೆಗೆಯುವ ಕೆಲಸ ಒಂದೇ. ಆ ರಸವನ್ನು ಎರಡು ಪಾತ್ರೆಗೆ ಹಂಚಿ, ಒಂದಕ್ಕೆ ಜರ್ಮನ್ ಯೀಸ್ಟ್, ಇನ್ನೊಂದಕ್ಕೆ ಬೆಲ್ಜಿಯನ್ ಯೀಸ್ಟ್ ಮತ್ತು ಒಂದು ಚಿಟಿಕೆ ಮಸಾಲೆ ಹಾಕಿದರೆ ಸಾಕು. ಒಂದು ಹೆಫೆವೈಜನ್ ಆಗುತ್ತದೆ: ಬಾಳೆಹಣ್ಣು, ಲವಂಗದ ಘಮ ಇರುವ ಬವೇರಿಯಾದ ಗೋಧಿ ಬಿಯರ್. ಇನ್ನೊಂದು ವಿಟ್‌ಬಿಯರ್: ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಬೆಲ್ಜಿಯಂನ ಬಿಳಿ ಬಿಯರ್. ಕಾಳು ಒಂದೇ ಆದರೂ ಲೋಟಕ್ಕೆ ಬಂದಾಗ ಇವೆರಡೂ ಅಣ್ಣತಮ್ಮ ಅಂತ ಯಾರೂ ಹೇಳಲಾರರು.

ಕಾನೂನಿನ ಮಾತು ಮೊದಲು. ಕರ್ನಾಟಕದ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರ್ ಕೂಡ ಅದರಲ್ಲಿ ಸೇರುತ್ತದೆ. "ನಮ್ಮ ಮನೆಗೆ ಅಷ್ಟೇ, ಮಾರೋದಿಲ್ಲ" ಅಂದರೆ ನಡೆಯುತ್ತದೆ ಅಂತ ನೀವೇ ತೀರ್ಮಾನಿಸಬೇಡಿ. ಊರಲ್ಲಿರುವವರು ಮೊದಲು ಅಬಕಾರಿ ಕಚೇರಿಯಲ್ಲಿ ವಿಚಾರಿಸಿ. ಮನೆಯಲ್ಲಿ ಬಿಯರ್ ಮಾಡಲು ಅವಕಾಶ ಇರುವ ದೇಶಗಳಲ್ಲಿ ಕೂತು ಓದುತ್ತಿರುವ ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಈ ತಲೆನೋವಿಲ್ಲ. ಇನ್ನೊಂದು ದಾರಿಯೂ ಇದೆ. ಕೆಳಗಿನ ಮೊದಲ ನಾಲ್ಕು ಹಂತದಲ್ಲಿ ಬರುವುದು ಬರೀ ಸಿಹಿ ಮಾಲ್ಟ್ ರಸ, ಮದ್ಯ ಅಲ್ಲ. ಅಷ್ಟನ್ನು ಮಾಡಿ ಕೈ ಪಳಗಿಸಿಕೊಳ್ಳಬಹುದು. ಶುಂಠಿ ಜಜ್ಜಿ ಹಾಕಿ ಬಿಸಿಬಿಸಿ ಕುಡಿದರೆ ಆಗುಂಬೆ ಮಳೆಗೆ ಅದೂ ಚೆನ್ನಾಗಿಯೇ ಇರುತ್ತದೆ. ಭಟ್ಟಿ ಇಳಿಸುವ ಯೋಚನೆ ಇದ್ದವರು ಇಲ್ಲಿಂದಲೇ ವಾಪಸ್ ಹೋಗಿ, ಈ ಲೇಖನ ನಿಮಗಲ್ಲ.

ನಾಲ್ಕು ಪದ ತಿಳಿದುಕೊಳ್ಳಿ

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ರಾಗಿ ಮೊಳಕೆ ಕಟ್ಟಿ ಮಗುವಿಗೆ ಹಿಟ್ಟು ಮಾಡುತ್ತೇವಲ್ಲ, ಅದೇ ತತ್ವ. ಮೊಳೆಯುವಾಗ ಕಾಳಿನಲ್ಲಿ ಎಂಜೈಮ್ ಹುಟ್ಟುತ್ತದೆ. ಈ ಎಂಜೈಮ್ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಮ್ಯಾಶ್ ಅಂದರೆ ಒಡೆದ ಮಾಲ್ಟನ್ನು ಹದ ಬಿಸಿಯ ನೀರಿನಲ್ಲಿ ನೆನೆಸಿಟ್ಟು, ಆ ಎಂಜೈಮ್‌ಗೆ ಕೆಲಸ ಮಾಡಲು ಬಿಡುವುದು. ಹಾಗೆ ಬಂದ ಸಿಹಿ ರಸಕ್ಕೆ ವರ್ಟ್ ಅನ್ನುತ್ತಾರೆ. ಗ್ರಾವಿಟಿ ಅಂದರೆ ವರ್ಟ್‌ನಲ್ಲಿ ಸಕ್ಕರೆ ಎಷ್ಟಿದೆ ಅನ್ನುವ ಅಳತೆ. ನೀರು 1.000, ನಮ್ಮ ವರ್ಟ್ ಸುಮಾರು 1.046. ಇದನ್ನು ಅಳೆಯುವ ತೇಲುವ ಗಾಜಿನ ಕಡ್ಡಿಯೇ ಹೈಡ್ರೋಮೀಟರ್. ಬಿಸಿ ವರ್ಟ್‌ನಲ್ಲಿ ಅದು ಕಡಿಮೆ ತೋರಿಸುತ್ತದೆ, ಹಾಗಾಗಿ ಒಂದು ಲೋಟದಲ್ಲಿ ತೆಗೆದು ತಣಿಸಿಯೇ ನೋಡಿ.

ಏನೇನು ಬೇಕು

ಈ ಲೆಕ್ಕ ತಲಾ 10 ಲೀಟರ್‌ನ ಎರಡು ಬಿಯರ್‌ಗೆ.

- ಗೋಧಿ ಮಾಲ್ಟ್: 2.3 ಕೆ.ಜಿ.
- ಬಾರ್ಲಿ ಮಾಲ್ಟ್, ಪಿಲ್ಸ್ನರ್ ಅಥವಾ ಪೇಲ್: 1.8 ಕೆ.ಜಿ.
- ಗೋಧಿ ನುಚ್ಚು, ಅಂಗಡಿಯಲ್ಲಿ ದಲಿಯಾ ಅಂತ ಸಿಗುವುದು: ಅರ್ಧ ಕೆ.ಜಿ.
- ಭತ್ತದ ಉಮಿ: 250 ಗ್ರಾಂ
- ಹಾಪ್ಸ್, ಹಾಲರ್ಟೌ ಅಥವಾ ಟೆಟ್ನಾಂಗ್ ಜಾತಿಯದು: 26 ಗ್ರಾಂ
- ಕೊತ್ತಂಬರಿ ಬೀಜ 8 ಗ್ರಾಂ, ಹೇರಳೆಕಾಯಿ ಸಿಪ್ಪೆ 10 ಗ್ರಾಂ
- ಹೆಫೆವೈಜನ್ ಒಣ ಯೀಸ್ಟ್ ಮತ್ತು ವಿಟ್ ಒಣ ಯೀಸ್ಟ್, ಒಂದೊಂದು ಪ್ಯಾಕೆಟ್
- 30 ಲೀಟರ್‌ನ ಒಂದು ಸ್ಟೀಲ್ ಪಾತ್ರೆ, 20 ಲೀಟರ್‌ನ ಎರಡು, ನೀರು ಕಾಯಿಸಲು ಇನ್ನೊಂದು
- ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು, ಹೊರಗಿನ ಗಾಳಿ ಒಳಗೆ ಬಿಡದ ಬಿರಡೆ) ಇರುವ, 15 ಲೀಟರ್‌ಗಿಂತ ಚಿಕ್ಕದಲ್ಲದ ಎರಡು ಫುಡ್‌ಗ್ರೇಡ್ ಬಕೆಟ್
- ಥರ್ಮಾಮೀಟರ್, ಹೈಡ್ರೋಮೀಟರ್, ಗ್ರಾಂ ತೋರಿಸುವ ತಕ್ಕಡಿ, ಕಾಳು ಸೋಸಲು ದೊಡ್ಡ ನೈಲಾನ್ ಚೀಲ
- 650 ಮಿ.ಲೀ.ನ 30 ಕಂದು ಬಿಯರ್ ಬಾಟಲಿ, ಕ್ರೌನ್ ಮುಚ್ಚಳ, ಮುಚ್ಚಳ ಒತ್ತುವ ಯಂತ್ರ

ಹಾಪ್ಸ್ ಬಳ್ಳಿಯಲ್ಲಿ ಬಿಡುವ ಹೂವು, ಬಿಯರ್‌ಗೆ ಕಹಿ ಕೊಡುವುದು ಅದೇ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಡೆ ಬೆಳೆಯುತ್ತಾರೆ, ಮಲೆನಾಡಿನಲ್ಲಿ ಬೆಳೆಯುವ ಆಸೆ ಬೇಡ. ಉಂಡೆ ಒತ್ತಿದ್ದನ್ನು ತರಿಸಿ ಫ್ರೀಜರ್‌ನಲ್ಲಿ ಇಡಿ.

ಕೆಲವು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ.

ಅಡಿಕೆ ಬೇಯಿಸುವ ಹಂಡೆ ಬೇಡವೇ ಬೇಡ. ಮನೆಯಲ್ಲಿ ಅಷ್ಟು ದೊಡ್ಡ ಹಂಡೆ ಇರುವಾಗ ಹೊಸ ಪಾತ್ರೆ ಯಾಕೆ ಅಂತ ಎಲ್ಲರಿಗೂ ಅನಿಸುತ್ತದೆ. ವರ್ಷಗಟ್ಟಲೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ನೀರು, ಕುಡಿದ ಹಂಡೆ ಎಷ್ಟು ತಿಕ್ಕಿದರೂ ಒಗರು ಬಿಡುವುದಿಲ್ಲ. ನನ್ನ ಚಿಕ್ಕಪ್ಪ ಹುಣಸೆಹಣ್ಣು ಹಾಕಿ ಎರಡು ದಿನ ತಿಕ್ಕಿದ್ದರು. ಬಂದ ಮಾಲ್ಟ್ ರಸ ಕೆಂಪಗೆ, ನಾಲಿಗೆ ಒಳಗೆ ಎಳೆಯುವ ಹಾಗಿತ್ತು. ದನವೂ ಮೂಸಿ ಬಿಟ್ಟಿತು.

ಮಾಲ್ಟನ್ನು ಹಿಟ್ಟಿನ ಗಿರಣಿಗೆ ಕೊಡಬೇಡಿ. ಅದು ನುಣ್ಣಗೆ ಹಿಟ್ಟು ಮಾಡಿಬಿಡುತ್ತದೆ, ನೀರು ಬಿದ್ದರೆ ಅಂಟು ಗಂಜಿ ಆಗುತ್ತದೆ. ಒಂದು ಕಾಳು ಮೂರು ನಾಲ್ಕು ಚೂರಾದರೆ ಸಾಕು. ಒಡೆದೇ ಕಳಿಸಿ ಅಂತ ಅಂಗಡಿಯವರಿಗೆ ಹೇಳಿ. ಇಲ್ಲವಾದರೆ ಮಿಕ್ಸಿಯಲ್ಲಿ ಒಂದೊಂದು ಹಿಡಿ ಹಾಕಿ ಎರಡೇ ಸಲ ಗುರ್ ಅನಿಸಿ.

ಮಳೆಗಾಲದಲ್ಲಿ ಮಾಲ್ಟ್ ತರಿಸಿದರೆ ಆ ವಾರವೇ ಬಳಸಿ. ಒಡೆದ ಮಾಲ್ಟ್ ಹಪ್ಪಳಕ್ಕಿಂತ ಬೇಗ ತೇವ ಎಳೆಯುತ್ತದೆ. ಬಾಯಿಗೆ ಹಾಕಿದರೆ ಕಟಕ್ ಅನ್ನಬೇಕು. ಮೆತ್ತಗಿದ್ದರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ, ಕರುಣೆ ತೋರಿಸಬೇಡಿ.

"ಅಂಗಡಿ ಗೋಧಿಯನ್ನೇ ಮೊಳಕೆ ಕಟ್ಟಿ ಮಾಲ್ಟ್ ಮಾಡಿದರೆ?" ಅಂತಲೂ ಕೇಳುತ್ತಾರೆ. ಮಾಡಬಹುದು, ಆದರೆ ಮೊದಲ ಸಲಕ್ಕೆ ಬೇಡ. ಬಾಣಲೆಯಲ್ಲಿ ಹುರಿದರೆ ಎಂಜೈಮ್ ಸತ್ತುಹೋಗುತ್ತದೆ. ಹದ ಬಿಸಿಯಲ್ಲಿ ನಿಧಾನಕ್ಕೆ ಒಣಗಿಸಲು ನಮ್ಮ ಹವೆ ಬಿಡುವುದಿಲ್ಲ.

ಹಂತ 1: ಹಿಂದಿನ ದಿನದ ಕೆಲಸ

ನೀರು ಒಟ್ಟು 31 ಲೀಟರ್ ಬೇಕು. ಶಿವಮೊಗ್ಗ ಪೇಟೆಯವರ ನಲ್ಲಿಗೆ ಬರುವುದು ತುಂಗೆಯ ನೀರೇ ಆದರೂ ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್ ಉಳಿದರೆ ಬಿಯರ್‌ಗೆ ಬ್ಯಾಂಡೇಜ್ ವಾಸನೆ ಬರುತ್ತದೆ. ಹಿಂದಿನ ದಿನವೇ ಕುದಿಸಿ, ತೆರೆದಿಟ್ಟು ತಣಿಸಿ. ಬಾವಿ ನೀರಿನವರಿಗೆ ಈ ಕಾಟವಿಲ್ಲ. ಆದರೆ ಜಂಬಿಟ್ಟಿಗೆ ಕಲ್ಲಿನ ಬಾವಿಯಾಗಿದ್ದು, ಬಿಳಿ ಬಟ್ಟೆಗೆ ಕೆಂಪು ಕಲೆ ಕೂರುತ್ತಿದ್ದರೆ ನೀರಿನಲ್ಲಿ ಕಬ್ಬಿಣ ಇದೆ ಅಂತ ಅರ್ಥ. ಆ ನೀರಿನ ಬಿಯರ್ ಬಾಯಲ್ಲಿ ಮೊಳೆ ಇಟ್ಟುಕೊಂಡ ಹಾಗಿರುತ್ತದೆ. ಬೇರೆ ನೀರು ತನ್ನಿ. ಉಳಿದಂತೆ ನಮ್ಮ ಮೆದು ನೀರು ಗೋಧಿ ಬಿಯರ್‌ಗೆ ಚೆನ್ನಾಗಿ ಹೊಂದುತ್ತದೆ. ಸಿಕ್ಕರೆ 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ, ಸಿಗದಿದ್ದರೆ ಚಿಂತೆ ಬೇಡ.

ಉಮಿಯನ್ನು ರೈಸ್ ಮಿಲ್‌ನಿಂದ ತನ್ನಿ. ತೌಡಲ್ಲ, ಉಮಿ. ತೌಡು ಬಂದರೆ ಎಲ್ಲ ಕಟ್ಟಿಕೊಳ್ಳುತ್ತದೆ. ಜರಡಿ ಹಿಡಿದು, ನೀರು ತಿಳಿಯಾಗುವ ತನಕ ನಾಲ್ಕೈದು ಸಲ ತೊಳೆದು, ಹತ್ತು ನಿಮಿಷ ಕುದಿಸಿ ಬಸಿಯಿರಿ. ಉಮಿ ಯಾಕೆ ಅಂದರೆ, ಬಾರ್ಲಿಗೆ ಸಿಪ್ಪೆ ಇದೆ, ಗೋಧಿಗೆ ಇಲ್ಲ. ಸಿಪ್ಪೆ ಇಲ್ಲದ ಕಾಳು ಅಡಿಯಲ್ಲಿ ಕೂತು ರಸ ಇಳಿಯಲು ಬಿಡುವುದಿಲ್ಲ. ಉಮಿ ಮಧ್ಯೆ ಸೇರಿ ದಾರಿ ಮಾಡಿಕೊಡುತ್ತದೆ. ಬೇರೆ ದೇಶದವರು ಇದನ್ನು ಪ್ಯಾಕೆಟ್‌ನಲ್ಲಿ ದುಡ್ಡು ಕೊಟ್ಟು ತರುತ್ತಾರೆ. ನಮ್ಮ ಮಿಲ್‌ನಲ್ಲಿ ಕೇಳಿದರೆ ನಕ್ಕು ಸುಮ್ನೆ ಕೊಡುತ್ತಾರೆ.

ಥರ್ಮಾಮೀಟರ್ ಸರಿ ಇದೆಯಾ ಅಂತ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. 98 ತೋರಿಸಿದರೆ ಕೆಟ್ಟಿದೆ ಅಂತ ಎಸೆಯಬೇಡಿ. ಶಿವಮೊಗ್ಗ, ಆಗುಂಬೆ ಎಲ್ಲ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿವೆ. ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಹತ್ತಿರ.

ಹಂತ 2: ಮ್ಯಾಶ್

ಇಡೀ ದಿನದಲ್ಲಿ ಗಮನ ಬೇಡುವ ಒಂದೂವರೆ ಗಂಟೆ ಇದು. ಇಲ್ಲಿ ಸರಿಹೋದರೆ ಎರಡೂ ಬಿಯರ್ ಸರಿ, ಇಲ್ಲಿ ಕೆಟ್ಟರೆ ಎರಡೂ ಕೆಡುತ್ತವೆ.

ದೊಡ್ಡ ಪಾತ್ರೆಯಲ್ಲಿ 10 ಲೀಟರ್ ನೀರನ್ನು 49 ಡಿಗ್ರಿಗೆ ಕಾಯಿಸಿ. ಚೀಲ ಒಳಗಿಟ್ಟು ಮಾಲ್ಟ್, ನುಚ್ಚು, ಉಮಿ ಎಲ್ಲ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕಲಕಿ. ಒಬ್ಬರು ಸುರಿಯಲಿ, ಒಬ್ಬರು ಕಲಕಲಿ. ಒಟ್ಟಿಗೆ ಸುರಿದರೆ ಗಂಟು ಕಟ್ಟುತ್ತದೆ, ಗಂಟಿನ ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ರಾಗಿಮುದ್ದೆ ತಿರುವಿ ಗೊತ್ತಿದ್ದವರಿಗೆ ಇದೆಲ್ಲ ಹೇಳಬೇಕಾಗಿಲ್ಲ.

ಈಗ ಬಿಸಿ 45 ಡಿಗ್ರಿಯ ಸುತ್ತ ಇರಬೇಕು. 15 ನಿಮಿಷ ಹಾಗೇ ಬಿಡಿ. ಈ ಬಿಸಿಯಲ್ಲಿ ಕಾಳಿನ ಗೋಡೆಯಿಂದ ಫೆರುಲಿಕ್ ಆಮ್ಲ ಬಿಡುಗಡೆ ಆಗುತ್ತದೆ. ಮುಂದೆ ಗೋಧಿ ಬಿಯರ್‌ನ ಯೀಸ್ಟ್ ಇದನ್ನೇ ಲವಂಗದ ಘಮವಾಗಿ ಮಾರ್ಪಡಿಸುತ್ತದೆ. ಅಂದರೆ ಲವಂಗ ಹಾಕದೆಯೇ ಲವಂಗ! ವಿಟ್‌ಬಿಯರ್‌ಗೂ ಈ ಘಮ ಸ್ವಲ್ಪ ಇದ್ದರೆ ಚೆಂದ, ಹಾಗಾಗಿ ಇದು ಎರಡಕ್ಕೂ ಲಾಭವೇ.

ಅಷ್ಟರಲ್ಲಿ ಇನ್ನೊಂದು ಪಾತ್ರೆಯಲ್ಲಿ 8 ಲೀಟರ್ ನೀರು ಕುದಿಯುತ್ತಿರಲಿ. 15 ನಿಮಿಷ ಆದ ಮೇಲೆ ಅದನ್ನು ಲೋಟಾ ಲೋಟಾ ಸುರಿಯುತ್ತ, ಕಲಕುತ್ತ, ಮಧ್ಯೆ ಮಧ್ಯೆ ಬಿಸಿ ನೋಡುತ್ತ 66 ಡಿಗ್ರಿಗೆ ತನ್ನಿ. ಕೊನೆಯ ಒಂದು ಲೀಟರ್ ಕೈಯಲ್ಲೇ ಇರಲಿ. 66 ಮುಟ್ಟಿದರೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಹಂತದ ನೀರಿಗೆ ಸೇರಿಸಿ. ಎಲ್ಲ ಹಾಕಿದರೂ ಮುಟ್ಟದಿದ್ದರೆ ಇನ್ನೊಂದು ಲೀಟರ್ ಕುದಿಸಿ ಹಾಕಿ, ಮುಂದೆ ಅಷ್ಟು ಕಮ್ಮಿ ಮಾಡಿ. ಪಾತ್ರೆಯನ್ನು ನೇರ ಒಲೆ ಮೇಲಿಟ್ಟು ಕಾಯಿಸಬೇಡಿ. ಗೋಧಿ ತಳ ಹಿಡಿಯುತ್ತದೆ, ಚೀಲ ಸುಡುತ್ತದೆ.

66 ಯಾಕೆ? 62ರ ಕಡೆಗೆ ಇಳಿದರೆ ಯೀಸ್ಟ್ ಪೂರ್ತಿ ತಿನ್ನುವಂಥ ಸಕ್ಕರೆ ಜಾಸ್ತಿ ಬಂದು ಬಿಯರ್ ತೆಳ್ಳಗಾಗುತ್ತದೆ. 70 ದಾಟಿದರೆ ಯೀಸ್ಟ್ ತಿನ್ನಲಾರದ ಸಿಹಿ ಉಳಿಯುತ್ತದೆ. 75 ದಾಟಿಸಿಬಿಟ್ಟರೆ ಎಂಜೈಮ್ ಸಾಯತೊಡಗುತ್ತದೆ. ಆಮೇಲೆ ತಣ್ಣೀರು ಸುರಿದರೂ ಅದು ಬದುಕಿ ಬರುವುದಿಲ್ಲ.

ಮುಚ್ಚಳ ಹಾಕಿ ಎರಡು ಕಂಬಳಿ ಸುತ್ತಿ 60 ನಿಮಿಷ ಬಿಡಿ. ಪದೇ ಪದೇ ತೆಗೆದು ನೋಡಬೇಡಿ. ಒಂದು ಗಂಟೆ ಆದ ಮೇಲೆ ಒಂದು ಚಮಚ ರಸ ಬಿಳಿ ತಟ್ಟೆಗೆ ಹಾಕಿ, ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿಡಿ. ಕಪ್ಪು ನೀಲಿ ಆದರೆ ಪಿಷ್ಟ ಇನ್ನೂ ಇದೆ, 15 ನಿಮಿಷ ಕಾಯಿರಿ. ಬಣ್ಣ ಕಂದಾಗಿಯೇ ಉಳಿದರೆ ಕೆಲಸ ಆಯಿತು. ಆ ಚಮಚ ರಸ ಚೆಲ್ಲಿಬಿಡಿ, ವಾಪಸ್ ಹಾಕಬೇಡಿ.

ಹಂತ 3: ರಸ ಇಳಿಸಿ ಸಮ ಹಂಚುವುದು

ಎರಡು ಬಿಯರ್ ಮಾಡುವವರು ಜಾಸ್ತಿ ತಪ್ಪುವುದು ಇಲ್ಲೇ. ಚೀಲ ಎತ್ತಿ, ಪಾತ್ರೆ ಮೇಲೆ ಜಾಲರಿ ಅಥವಾ ಎರಡು ಕಟ್ಟಿಗೆ ಅಡ್ಡ ಇಟ್ಟು ಅದರ ಮೇಲೆ ಕೂರಿಸಿ. ಗಂಜಿ ಬಸಿದ ಹಾಗೆ ತಾನೇ ಇಳಿಯಲಿ. ಹಿಂಡಬೇಡಿ. ಸುಮಾರು 13 ಲೀಟರ್ ಮೊದಲ ರಸ ಸಿಗುತ್ತದೆ. ಇದು ಗಟ್ಟಿ ರಸ, ತೆಂಗಿನಕಾಯಿಯ ಮೊದಲ ಹಾಲಿನ ಹಾಗೆ.

ಈಗ ಚೀಲವನ್ನು 75 ಡಿಗ್ರಿಯ 13 ಲೀಟರ್ ನೀರಿಗೆ ಇಳಿಸಿ, ಕಲಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಎತ್ತಿ. ಇದಕ್ಕೆ ಸ್ಪಾರ್ಜ್ ಅನ್ನುತ್ತಾರೆ, ಕಾಳಿನಲ್ಲಿ ಉಳಿದ ಸಿಹಿ ತೊಳೆದು ತೆಗೆಯುವುದು. ಇದು ಎರಡನೇ ಹಾಲು, ತೆಳ್ಳಗಿರುತ್ತದೆ. ನೀರು 78 ದಾಟದಿರಲಿ. ದಾಟಿದರೆ ಸಿಪ್ಪೆಯ ಒಗರು ಬಿಟ್ಟುಕೊಳ್ಳುತ್ತದೆ, ಚೊಗರು ನೆನಪಾಗುತ್ತದೆ.

ಬಹಳ ಜನ ಮೊದಲ ರಸವನ್ನು ಒಂದು ಪಾತ್ರೆಗೆ, ಎರಡನೆಯದನ್ನು ಇನ್ನೊಂದಕ್ಕೆ ಹಾಕಿಬಿಡುತ್ತಾರೆ. ಆಮೇಲೆ "ಒಂದು ಬಿಯರ್ ತಲೆಗೇರುತ್ತದೆ, ಇನ್ನೊಂದು ತೊಳೆದ ನೀರು" ಅಂತ ದೂರುತ್ತಾರೆ. ಎರಡು ಪಾತ್ರೆಗೂ ಮೊದಲ ರಸ ಆರೂವರೆ ಲೀಟರ್, ಎರಡನೇ ರಸ ಆರೂವರೆ ಲೀಟರ್ ಹಾಕಿ. ಕಣ್ಣಳತೆ ಬೇಡ. ಒಂದು ಕೋಲಿಗೆ ಮೊದಲೇ ನೀರು ಅಳೆದು ಗೀರು ಹಾಕಿಟ್ಟುಕೊಳ್ಳಿ. ಕಲಕಿ, ತಣಿಸಿ ನೋಡಿದರೆ ಎರಡರಲ್ಲೂ ಗ್ರಾವಿಟಿ 1.037ರ ಸುತ್ತ ಇರಬೇಕು.

ಬೇಕೆಂದೇ ಒಂದು ಗಟ್ಟಿ, ಒಂದು ತೆಳು ಮಾಡುವ ಪದ್ಧತಿಯೂ ಇದೆ, ಹಳೆಯ ಇಂಗ್ಲಿಷ್ ಬಿಯರ್‌ನವರು ಹಾಗೆ ಮಾಡುತ್ತಿದ್ದರು. ನಮ್ಮ ಅಳತೆಯಲ್ಲಿ ಮೊದಲ ರಸ 1.055, ಎರಡನೆಯದು 1.020 ಆಸುಪಾಸು ಬರುತ್ತದೆ. ಕುದಿಸಿದ ಮೇಲೆ ಒಂದು ಶೇ. 7ರ ಹತ್ತಿರದ ಜೋರು ಬಿಯರ್, ಇನ್ನೊಂದು ಶೇ. 2.5ರ ಹಗುರದ್ದು. ನನಗೆ ಕೇಳಿದರೆ, ಮೂರು ಸಲ ಸಮ ಹಂಚಿ ಮಾಡಿದ ಮೇಲೆ ಅದಕ್ಕೆ ಕೈ ಹಾಕಿ.

ಹಿಪ್ಪೆಯನ್ನು ಅದೇ ದಿನ ದನಕ್ಕೆ ಹಾಕಿ, ಅದೂ ಸ್ವಲ್ಪವೇ. ನಾಳೆಗೆ ಹುಳಿ ಬರುತ್ತದೆ.

ಹಂತ 4: ಕುದಿಸುವುದು

ಎರಡೂ ಪಾತ್ರೆ ಒಲೆಗೇರಲಿ. ಒಂದೇ ಒಲೆ ಇದ್ದರೆ ಒಂದಾದ ಮೇಲೆ ಒಂದು, ತೊಂದರೆ ಇಲ್ಲ. ಕಾಯುತ್ತಿರುವ ಪಾತ್ರೆಯನ್ನು 75 ಡಿಗ್ರಿಗೆ ಬಿಸಿ ಮಾಡಿ ಮುಚ್ಚಿಡಿ, ಇಲ್ಲದಿದ್ದರೆ ಹುಳಿಯಾಗಲು ಶುರುವಾಗುತ್ತದೆ.

ಗೋಧಿ ವರ್ಟ್ ಹಾಲಿಗಿಂತ ಜೋರಾಗಿ ಉಕ್ಕುತ್ತದೆ. ಮೊದಲ ಹತ್ತು ನಿಮಿಷ ಅಲ್ಲಿಂದ ಕದಲಬೇಡಿ, ಒಂದು ಲೋಟ ತಣ್ಣೀರು ಪಕ್ಕದಲ್ಲಿರಲಿ. ನೊರೆ ಇಳಿದ ಮೇಲೆ ಪ್ರತಿ ಪಾತ್ರೆಗೆ 13 ಗ್ರಾಂ ಹಾಪ್ಸ್ ಹಾಕಿ 60 ನಿಮಿಷ ಕುದಿಸಿ. ಮುಚ್ಚಳ ಹಾಕಬೇಡಿ. ಬೇಯಿಸಿದ ಜೋಳದ ವಾಸನೆ ತರುವ ಒಂದು ಗಂಧಕದ ಸಂಯುಕ್ತ ಹಬೆಯ ಜೊತೆ ಹೋಗಬೇಕು. ಮುಚ್ಚಿದರೆ ಅದು ಮತ್ತೆ ಒಳಗೇ ಬೀಳುತ್ತದೆ.

ಹೆಫೆವೈಜನ್ ಪಾತ್ರೆಗೆ ಇಷ್ಟೇ.

ವಿಟ್‌ಬಿಯರ್ ಪಾತ್ರೆಗೆ ಕೊನೆಯ ಐದು ನಿಮಿಷದಲ್ಲಿ ಮಸಾಲೆ. ಕೊತ್ತಂಬರಿ ಬೀಜವನ್ನು ಪುಡಿ ಮಾಡಬೇಡಿ, ಹುರಿಯಲೂ ಬೇಡಿ, ಹುರಿದರೆ ಸಾರಿನ ಪುಡಿ ನೆನಪಾಗುತ್ತದೆ. ಒಂದೊಂದು ಬೀಜ ಎರಡಾಗುವಷ್ಟು ಕುಟ್ಟಿ. ಬೆಲ್ಜಿಯಂನವರು ಹಾಕುವುದು ಕಹಿ ಕಿತ್ತಳೆಯ ಒಣ ಸಿಪ್ಪೆ. ನಮಗೆ ಅದಕ್ಕಿಂತ ಒಳ್ಳೆಯದೇ ಹಿತ್ತಲಲ್ಲಿದೆ: ಹೇರಳೆಕಾಯಿ. ಬಲಿತು ಹಳದಿ ತಿರುಗುತ್ತಿರುವ ಕಾಯಿ ತೆಗೆದುಕೊಂಡು, ತುರಿಮಣೆಯ ಸಣ್ಣ ಹಲ್ಲಿಗೆ ಮೆಲ್ಲಗೆ ಉಜ್ಜಿ. ಬೆರಳಿಗೆ ಎಣ್ಣೆ ಜಿಡ್ಡು ತಾಗಿ, ಮೂಗಿಗೆ ಘಮ್ ಅಂತ ಬರುತ್ತದಲ್ಲ, ಆ ಹೊರಪದರ ಮಾತ್ರ ಬೇಕು. ಕೆಳಗಿನ ಬಿಳಿ ಕಂಡ ಕೂಡಲೇ ಕಾಯಿ ತಿರುಗಿಸಿ. ಆ ಬಿಳಿ ಸೇರಿದರೆ ಉಪ್ಪಿನಕಾಯಿಗೆ ಚೆಂದ, ಬಿಯರ್‌ಗೆ ಬರೀ ಕಹಿ. ಹೇರಳೆ ಸಿಗದಿದ್ದರೆ ಕೊಡಗಿನ ಕಿತ್ತಳೆ ಆದೀತು.

ಏಲಕ್ಕಿ ಹಾಕಲೇ ಅಂತ ಕೇಳುವವರು ಇದ್ದೇ ಇರುತ್ತಾರೆ. ಬೇಡ, ಪಾಯಸ ಆಗುತ್ತದೆ. ನಾಲ್ಕು ಕಾಳುಮೆಣಸು ಜಜ್ಜಿ ಹಾಕಿದರೆ ನನ್ನ ಆಕ್ಷೇಪ ಇಲ್ಲ.

ಅಂದಹಾಗೆ, ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ಈ ಬಿಳಿ ಬಿಯರ್ 1950ರ ದಶಕದಲ್ಲಿ ನಿಂತೇ ಹೋಗಿತ್ತು. ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ ಅನ್ನುವವರು 1966ರಲ್ಲಿ ಮತ್ತೆ ಶುರು ಮಾಡಿದರು. ಇಂದು ಎಲ್ಲ ಕಡೆ ಸಿಗುವ ವಿಟ್‌ಬಿಯರ್‌ಗಳ ಬೇರು ಅಲ್ಲಿದೆ.

ಗಂಟೆ ಮುಗಿದಾಗ ಪ್ರತಿ ಪಾತ್ರೆಯಲ್ಲಿ ಹತ್ತೂವರೆ ಲೀಟರ್ ಉಳಿದಿರಬೇಕು, ಗ್ರಾವಿಟಿ 1.046 ಹತ್ತಿರ. ಮಾಲ್ಟ್ ರಸ ಕುಡಿಯಲಷ್ಟೇ ಮಾಡುತ್ತಿರುವವರು ಹಾಪ್ಸ್ ಬಿಟ್ಟು ಕುದಿಸಿ, ಇಲ್ಲಿಗೇ ನಿಲ್ಲಿಸಿ.

ಹಂತ 5: ತಣಿಸುವುದು, ಯೀಸ್ಟ್ ಹಾಕುವುದು

ಇಲ್ಲಿಂದ ಮುಂದೆ ವರ್ಟ್ ಮುಟ್ಟುವ ಪ್ರತಿಯೊಂದೂ ಸ್ಯಾನಿಟೈಜ್ ಆಗಿರಬೇಕು, ಅಂದರೆ ಕ್ರಿಮಿ ಇಲ್ಲದ ಹಾಗೆ ಮಾಡಿರಬೇಕು. ಬಿಯರ್ ಮಾಡುವವರಿಗೆಂದೇ ಸಿಗುವ ಆಮ್ಲದ ಅಥವಾ ಅಯೋಡಿನ್‌ನ ದ್ರಾವಣ ಬಳಸಿ. ಫಿನೈಲ್, ವಾಸನೆಯ ನಂಜುನಿರೋಧಕ ಇವೆಲ್ಲ ಹತ್ತಿರವೂ ಬರಬಾರದು.

ಪಾತ್ರೆಗೆ ಮುಚ್ಚಳ ಹಾಕಿ ದೊಡ್ಡ ಟಬ್‌ನಲ್ಲಿ ಇಟ್ಟು ಸುತ್ತ ಬಾವಿ ನೀರು ಸುರಿಯಿರಿ. ನೀರು ಬಿಸಿಯಾದಾಗ ಬದಲಿಸಿ. ಮೂರು ನಾಲ್ಕು ಸಲ ಬದಲಿಸಿದರೆ 28ರ ಹತ್ತಿರ ಬರುತ್ತದೆ. ಅಲ್ಲಿಂದ 20ಕ್ಕೆ ಇಳಿಸಲು ಐಸ್ ಬೇಕು. ಬಕೆಟ್‌ಗೆ ಬಸಿದು, ಮುಚ್ಚಿ, ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಯೀಸ್ಟ್‌ಗೆ ಶುರುವಿನಲ್ಲಿ ಗಾಳಿ ಬೇಕು. ಆಮೇಲೆ ಒಂದೊಂದಕ್ಕೆ ಅದರದರ ಯೀಸ್ಟ್ 6 ಗ್ರಾಂ ಉದುರಿಸಿ. 11 ಗ್ರಾಂ ಪ್ಯಾಕೆಟ್ ಆದರೆ ಸುಮಾರು ಅರ್ಧ. ಬಕೆಟ್ ಮೇಲೆ ಯಾವುದು ಯಾವುದು ಅಂತ ಈಗಲೇ ಬರೆಯಿರಿ. ಒಳಗಿರುವುದು ನೋಡಲು ಒಂದೇ ಥರ. ಬೇಕರಿ ಯೀಸ್ಟ್ ಬೇಡ, ಈ ಘಮಗಳೆಲ್ಲ ಆಯಾ ಯೀಸ್ಟ್‌ನ ಗುಣ.

ಪಾತ್ರೆಯ ತಳದಲ್ಲಿ ಉಳಿದ ಹಾಪ್ಸ್ ಚರಟ ತಿಪ್ಪೆಗೆ ಎಸೆಯಬೇಡಿ, ಮಣ್ಣಿನಲ್ಲಿ ಹೂಳಿ. ಹಾಪ್ಸ್ ನಾಯಿಗೆ ವಿಷ.

ಹಂತ 6: ಹುಳಿಯುವಿಕೆ, ಮತ್ತು ನಮ್ಮ ಹವೆ

ಬಿಯರ್‌ನ ರುಚಿ ನಿರ್ಧಾರ ಆಗುವುದು ಮೊದಲ ಮೂರು ದಿನದಲ್ಲಿ. ಎರಡೂ 18ರಿಂದ 21 ಡಿಗ್ರಿ ಒಳಗೆ ಇರಬೇಕು. ಹೆಫೆವೈಜನ್‌ನಲ್ಲಿ ತಂಪಾದಷ್ಟೂ ಲವಂಗ ಮುಂದೆ ಬರುತ್ತದೆ, ಬೆಚ್ಚಗಾದಷ್ಟೂ ಬಾಳೆಹಣ್ಣು. 25 ದಾಟಿದರೆ ಬಾಳೆ ಹೋಗಿ ಬಬಲ್‌ಗಮ್, ಆಮೇಲೆ ಪೇಂಟ್ ತೆಳು ಮಾಡುವ ಥಿನ್ನರ್. ಇನ್ನೊಂದು ನೆನಪಿಡಿ. ಹುಳಿಯುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುತ್ತದೆ. ಕೋಣೆ 22 ಇದ್ದರೆ ಬಕೆಟ್ ಒಳಗೆ 25 ಇರಬಹುದು. ಅಳೆಯಬೇಕಾದ್ದು ಬಕೆಟ್‌ನ ಮೈಯನ್ನು, ಗೋಡೆಯನ್ನಲ್ಲ.

ಬಕೆಟ್‌ಗೆ ಒದ್ದೆ ಬಟ್ಟೆ ಸುತ್ತಿ ಅಂತ ಎಲ್ಲ ಕಡೆ ಓದಿರುತ್ತೀರಿ. ಫೆಬ್ರುವರಿ, ಮಾರ್ಚ್‌ನ ಒಣ ಗಾಳಿಗೆ ಅದು ಸರಿ. ಮಲೆನಾಡಿನ ಜುಲೈಯಲ್ಲಿ ಏನೂ ಪ್ರಯೋಜನ ಇಲ್ಲ. ಬಟ್ಟೆಯ ನೀರು ಆವಿಯಾದರೆ ತಾನೇ ತಂಪಾಗುವುದು? ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದ ಹವೆಯಲ್ಲಿ ಬಕೆಟ್ ಬಟ್ಟೆ ಏನು ಮಾಡೀತು? ಮಳೆಗಾಲದಲ್ಲಿ ಬಕೆಟ್ಟನ್ನು ನೀರು ತುಂಬಿದ ಟಬ್‌ನಲ್ಲಿ ನಿಲ್ಲಿಸಿ, ಬೆಳಿಗ್ಗೆ ಒಂದು ರಾತ್ರಿ ಒಂದು ಐಸ್ ಗಟ್ಟಿಸಿದ ನೀರಿನ ಬಾಟಲಿ ಟಬ್‌ಗೆ ಹಾಕಿ. ಕರೆಂಟ್ ಹೋಗುವ ಊರಾದರೆ ಬಾಟಲಿ ನಾಲ್ಕೈದು ಜಾಸ್ತಿಯೇ ಗಟ್ಟಿಸಿಟ್ಟುಕೊಳ್ಳಿ. ಮಳೆಗಾಲದ ಒಳ್ಳೆಯ ಗುಣ ಅಂದರೆ ಹಗಲು ರಾತ್ರಿ ಬಿಸಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಚಳಿ, ಮಧ್ಯಾಹ್ನ ಸೆಕೆ. ಆಗಲೂ ಟಬ್ ನೀರು ಏರಿಳಿತ ತಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾಡಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಗೋಧಿ ಯೀಸ್ಟ್ ಎರಡನೇ ದಿನ ಭಾರಿ ನೊರೆ ಎಬ್ಬಿಸುತ್ತದೆ. 10 ಲೀಟರ್‌ಗೆ 15 ಲೀಟರ್ ಬಕೆಟ್ ಅಂದದ್ದು ಇದಕ್ಕೇ. ಏರ್‌ಲಾಕ್ ಒಳಗೆ ನೊರೆ ಬಂದರೆ ತೊಳೆದು ಮತ್ತೆ ಹಾಕಿ. ಕೊಳೆತ ಮೊಟ್ಟೆ ವಾಸನೆ ಸ್ವಲ್ಪ ಬಂದರೆ ಹೆದರಬೇಡಿ, ವಾರದಲ್ಲಿ ಹೋಗುತ್ತದೆ.

ಗುಳ್ಳೆ ನಿಂತಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಹತ್ತನೇ ದಿನದಿಂದ ಗ್ರಾವಿಟಿ ನೋಡಿ. 1.011ರ ಆಸುಪಾಸಿನಲ್ಲಿ ಮೂರು ದಿನ ಅಲ್ಲಾಡದೆ ನಿಂತರೆ ಮುಗಿದ ಹಾಗೆ. ಆಲ್ಕೋಹಾಲ್ ಶೇ. 4.6ರಷ್ಟು ಇರುತ್ತದೆ. ಯೀಸ್ಟ್ ಬೇರೆ ಬೇರೆ ಆದ್ದರಿಂದ ಎರಡೂ ಒಂದೇ ದಿನ ಮುಗಿಯಬೇಕು ಅಂತಿಲ್ಲ.

ಹಂತ 7: ಬಾಟಲಿ

ಬಾಟಲಿಯಲ್ಲಿ ಗ್ಯಾಸ್ ಬರಲು ಸ್ವಲ್ಪ ಸಕ್ಕರೆ ಸೇರಿಸಬೇಕು. ಉಳಿದ ಯೀಸ್ಟ್ ಅದನ್ನು ತಿಂದು ಗ್ಯಾಸ್ ಕೊಡುತ್ತದೆ. ಲೀಟರ್‌ಗೆ 7 ಗ್ರಾಂ, ಅಂದರೆ ಒಂದು ಬಕೆಟ್‌ಗೆ 70 ಗ್ರಾಂ. ತಕ್ಕಡಿಯಲ್ಲಿ ತೂಗಿ, ಚಮಚದ ಲೆಕ್ಕ ಬೇಡ. ಒಂದು ಲೋಟ ನೀರಿನಲ್ಲಿ ಕುದಿಸಿ ತಣಿಸಿ, ಸ್ವಚ್ಛ ಬಕೆಟ್‌ಗೆ ಹಾಕಿ. ಅದರ ಮೇಲೆ ಬಿಯರನ್ನು ಪೈಪ್‌ನಲ್ಲಿ ಸದ್ದಿಲ್ಲದೆ ಇಳಿಸಿ. ಈಗ ಗಾಳಿ ಸೇರಬಾರದು.

ಜರ್ಮನ್ನರು ಗೋಧಿ ಬಿಯರ್‌ಗೆ ಇದಕ್ಕಿಂತ ಜಾಸ್ತಿ ಗ್ಯಾಸ್ ಇಡುತ್ತಾರೆ, ಅವರ ಬಾಟಲಿಯೂ ದಪ್ಪ. ನಾವು ಬಳಸುವ ಹಳೆ ಬಾಟಲಿಗೆ 7 ಗ್ರಾಂ ಸಾಕು. ಸಕ್ಕರೆ ಬದಲು ಜೋನಿ ಬೆಲ್ಲ ಹಾಕಿದರೆ ರುಚಿ ಬರುತ್ತದಲ್ಲ ಅಂತ ಮಲೆನಾಡಿನವರಿಗೆ ಅನಿಸುವುದು ಸಹಜ. ಹಾಕಬೇಡಿ. ಒಂದೊಂದು ಡಬ್ಬಿಯ ಜೋನಿಯಲ್ಲಿ ಒಂದೊಂದು ಪ್ರಮಾಣದ ನೀರಿರುತ್ತದೆ. ಲೆಕ್ಕ ತಪ್ಪಿದರೆ ಗ್ಯಾಸೇ ಬರುವುದಿಲ್ಲ, ಇಲ್ಲವಾದರೆ ಬಾಟಲಿ ಸಿಡಿಯುತ್ತದೆ. ಸಿಡಿದ ಗಾಜು ಕಣ್ಣಿಗೆ ಹೋದರೆ ಅದು ತಮಾಷೆಯಲ್ಲ. ಸೀಳು, ಬಾಯಿ ಚಕ್ಕೆ ಎದ್ದ ಬಾಟಲಿ ಎಸೆಯಿರಿ.

ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿ ಮುಚ್ಚಳ ಒತ್ತಿ. ಒಂದು ಬಕೆಟ್‌ಗೆ ಹದಿನಾಲ್ಕು ಬಾಟಲಿ ಆಗುತ್ತದೆ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಹೆ, ವಿ ಅಂತ ಬರೆಯಿರಿ. ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಗೋಣಿಚೀಲ ಹೊದಿಸಿ, ಮಕ್ಕಳು ಓಡಾಡದ ಕತ್ತಲೆ ಮೂಲೆಯಲ್ಲಿ 10ರಿಂದ 12 ದಿನ ಬಿಡಿ.

ಹನ್ನೆರಡನೇ ದಿನ ಒಂದೊಂದು ಬಾಟಲಿ ಫ್ರಿಜ್‌ನಲ್ಲಿಟ್ಟು, ಮಾರನೇ ದಿನ ಸಿಂಕ್ ಮೇಲೆ ಹಿಡಿದು ತೆರೆಯಿರಿ. ಪುಸ್ ಅಂದು ನೊರೆ ನಿಂತರೆ ಎಲ್ಲವನ್ನೂ ಫ್ರಿಜ್‌ಗೆ ಹಾಕಿ. ಸದ್ದೇ ಬರದಿದ್ದರೆ ಉಳಿದದ್ದನ್ನು ಇನ್ನೊಂದು ವಾರ ಬೆಚ್ಚಗೆ ಬಿಡಿ. ಕಾರಂಜಿ ಹಾಗೆ ಚಿಮ್ಮಿದರೆ ಅದೇ ದಿನ ದಪ್ಪ ಬಟ್ಟೆ, ಕನ್ನಡಕ ಹಾಕಿಕೊಂಡು ಎಲ್ಲ ಬಾಟಲಿ ಫ್ರಿಜ್‌ಗೆ ಸೇರಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದೊಂದಾಗಿ ಮುಚ್ಚಳ ಸ್ವಲ್ಪ ಎತ್ತಿ ಗ್ಯಾಸ್ ಬಿಟ್ಟು, ಹೊಸ ಮುಚ್ಚಳ ಒತ್ತಿ. ಹೆಫೆವೈಜನ್ ಬಗ್ಗಿಸುವಾಗ ಮುಕ್ಕಾಲು ಲೋಟಕ್ಕೆ ಸುರಿದು, ಉಳಿದದ್ದನ್ನು ಬಾಟಲಿಯಲ್ಲೇ ಗಿರ್ರನೆ ಸುತ್ತಿಸಿ, ತಳದ ಯೀಸ್ಟ್ ಸಮೇತ ಹಾಕಿ. ಎರಡನ್ನೂ ಎರಡು ತಿಂಗಳ ಒಳಗೆ ಮುಗಿಸಿ, ಹೇರಳೆಯ ಘಮ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ.